ಪ್ರಾರ್ಥನೆಯ ಸರಪಳಿಯಲ್ಲಿ ಎರಡನೆಯವಳು

ನಮ್ಮ ಕಾರ್ಬಿನ್ ಊರಲ್ಲಿ ಒಲೀಟಾ ಸ್ವಾಫರ್ಡ್ ಗೊತ್ತಿಲ್ಲದವರು ಯಾರೂ ಇಲ್ಲ. ಮೂವತ್ತೊಂದು ವರ್ಷ ಹತ್ತಿ ಗಿರಣಿಯ ತೂಕದ ಕೋಣೆಯಲ್ಲಿ ಕೂತವಳು. ಹತ್ತಿ ತುಂಬಿದ ಗಾಡಿ ತೂಕದ ಕಟ್ಟೆಗೆ ಬಂತು ಅಂದರೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಇನ್ನೊಂದಡಿ ಮುಂದೆ ಬಾರಯ್ಯ, ನಿನ್ನ ಹಿಂದಿನ ಚಕ್ರ ಇನ್ನೂ ನಿಮ್ಮಪ್ಪನ ಹೊಲದಲ್ಲೇ ಇದೆ" ಅಂತ ಕೂಗುತ್ತಿದ್ದಳು. ಆಗ ಹುಡುಗರಾಗಿದ್ದವರು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ. ಅವಳನ್ನು ಕಂಡರೆ ಇವತ್ತಿಗೂ ಟೋಪಿ ತೆಗೆಯುತ್ತಾರೆ. ಇಲ್ಲ, ತೆಗೆಯುತ್ತಿದ್ದರು ಅನ್ನಬೇಕು.

ಟೆಕ್ಸಸ್ಸಿನ ಪಶ್ಚಿಮದ ಅಂಚು ಇದು. ಇಪ್ಪತ್ತು ಮೈಲಿ ಹೋದರೆ ನ್ಯೂ ಮೆಕ್ಸಿಕೊ ರಾಜ್ಯ ಶುರು. ನೆಲ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಮಾರ್ಚ್ ತಿಂಗಳಲ್ಲಿ ಗಾಳಿ ಎದ್ದರೆ ಕೆಮ್ಮಣ್ಣು ಕಿಟಕಿಯ ಸಂದಿಯಿಂದ ಒಳಗೆ ಬಂದು ತಟ್ಟೆಯ ಮೇಲೆ ಕೂರುತ್ತದೆ. ಅದಕ್ಕೇ ಇಲ್ಲಿಯವರು ತಟ್ಟೆಗಳನ್ನು ಮಗುಚಿ ಇಡುತ್ತಾರೆ.

ಒಲೀಟಾ ಮದುವೆಯಾಗಲಿಲ್ಲ. ಶಾಲೆಯ ಬಸ್ಸು ಓಡಿಸುತ್ತಿದ್ದ ಜಿಮ್ಮಿ ನೆಲ್ ಅನ್ನುವ ಹೆಂಗಸಿನ ಜೊತೆ ಒಂದೇ ಮನೆಯಲ್ಲಿ ಇದ್ದಳು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ನಲವತ್ತೆರಡು ವರ್ಷ. ಊರವರು ಅವರಿಬ್ಬರಿಗೆ "ಆ ಹುಡುಗಿಯರು" ಅನ್ನುತ್ತಿದ್ದರು, ಇಬ್ಬರಿಗೂ ಎಪ್ಪತ್ತು ದಾಟಿದ ಮೇಲೂ. "ಹುಡುಗಿಯರನ್ನೂ ಊಟಕ್ಕೆ ಕರೀರಿ", "ಹುಡುಗಿಯರ ಮನೆ ಮುಂದಿನ ಕೊಳಾಯಿ ಒಡೆದಿದೆ ನೋಡಿ" ಅಂತ. ಅದಕ್ಕಿಂತ ಹೆಚ್ಚು ಯಾರೂ ಏನೂ ಕೇಳಲಿಲ್ಲ, ಇವರೂ ಏನೂ ಹೇಳಲಿಲ್ಲ. ಮನೆಯಲ್ಲಿ ಮಲಗುವ ಕೋಣೆ ಎರಡು. ಎರಡನೆಯದರಲ್ಲಿ ಹಾಸಿಗೆ ಯಾವಾಗಲೂ ನೀಟಾಗಿ ಹಾಸಿಯೇ ಇರುತ್ತಿತ್ತು. ಅಂಗಳದ ಜಲ್ಲಿಯ ಮೇಲೆ ಯಾರದಾದರೂ ಕಾರು ಬಂದ ಸದ್ದಾದರೆ ಜಿಮ್ಮಿ ನೆಲ್ ಓಡಿಹೋಗಿ ತನ್ನ ಷೂ ಆ ಕೋಣೆಯಲ್ಲಿ ಎಸೆದು, ಹಾಸಿಗೆಯ ಮೇಲೆ ಒಂದು ಸಲ ಹೊರಳಿ ಎದ್ದು ಬರುತ್ತಿದ್ದಳು. "ನೋಡು, ನಲವತ್ತು ವರ್ಷದಿಂದ ಆ ಹಾಸಿಗೆ ನನ್ನ ಬೆನ್ನು ಕಂಡಿರೋದು ದಿನಕ್ಕೆ ಅರ್ಧ ನಿಮಿಷ" ಅಂತ ಆಮೇಲೆ ನಗುವಳು.

ಒಂಬತ್ತು ವರ್ಷದ ಹಿಂದೆ ದೇಶದ ದೊಡ್ಡ ಕೋರ್ಟು ಹೆಂಗಸು ಹೆಂಗಸನ್ನೂ ಗಂಡಸು ಗಂಡಸನ್ನೂ ಮದುವೆಯಾಗಬಹುದು ಅಂತ ತೀರ್ಪು ಕೊಟ್ಟಾಗ ಇಬ್ಬರೂ ಒಂದು ಗುರುವಾರ ಲಬಕ್ ಪಟ್ಟಣಕ್ಕೆ ಹೋದರು. ಕೋರ್ಟಿನ ಕಟ್ಟಡದ ಎದುರಿಗೆ ಕಾರು ನಿಲ್ಲಿಸಿ ಒಳಗೇ ಕೂತರು. ರಾಜ್ಯದ ದೊಡ್ಡವರು ಆಗಷ್ಟೇ ಒಂದು ಮಾತು ಹೇಳಿದ್ದರು: ಗುಮಾಸ್ತರ ಮನಸ್ಸಾಕ್ಷಿ ಒಪ್ಪದಿದ್ದರೆ ಮದುವೆಯ ಕಾಗದ ಕೊಡಲೇಬೇಕು ಅಂತ ಇಲ್ಲ. ಒಳಗಿರುವ ಗುಮಾಸ್ತನ ಮನಸ್ಸಾಕ್ಷಿ ಎಂಥದೋ ಹೊರಗೆ ಕೂತವರಿಗೆ ಹೇಗೆ ತಿಳಿಯಬೇಕು?

"ಈ ವಯಸ್ಸಲ್ಲಿ ಯಾವನೋ ಪಡ್ಡೆ ಹುಡುಗನ ಬಾಯಲ್ಲಿ ಇಲ್ಲ ಅನ್ನಿಸ್ಕೊಳ್ಳೋಕೆ ನಾನು ತಯಾರಿಲ್ಲ ಕಣೇ," ಅಂದಳು ಜಿಮ್ಮಿ ನೆಲ್. "ಮೀನು ತಿಂದು ಮನೆಗೆ ಹೋಗೋಣ ನಡಿ."

ಕರಿದ ಮೀನು ತಿಂದರು, ಮನೆಗೆ ಬಂದರು. ಆಮೇಲೆ ಆ ಮಾತು ಎತ್ತಲಿಲ್ಲ. ಮುಂದಿನ ಚುನಾವಣೆಯಲ್ಲಿ ಇಬ್ಬರೂ ಎಂದಿನಂತೆ ಆ ದೊಡ್ಡವರ ಪಕ್ಷಕ್ಕೇ ವೋಟು ಹಾಕಿದರು. ಅಪ್ಪಂದಿರು ಹಾಕುತ್ತಿದ್ದರು, ಚರ್ಚಿನವರೆಲ್ಲ ಹಾಕುತ್ತಿದ್ದರು, ಹತ್ತಿ ಬೆಲೆಯ ಮಾತು ಅವರೇ ಆಡುತ್ತಿದ್ದರು. ಹೊಯ್ಟ್ ಲೆಡ್‌ಬೆಟರ್ ಕೌಂಟಿಯ, ಅಂದರೆ ಜಿಲ್ಲೆಯ ಆಡಳಿತದ, ಸದಸ್ಯನ ಸ್ಥಾನಕ್ಕೆ ನಿಂತಾಗ ಅವನ ಹೆಸರಿನ ಫಲಕ ಒಲೀಟಾಳ ಅಂಗಳದಲ್ಲೇ ಇತ್ತು. ಜಿಮ್ಮಿ ನೆಲ್‌ಳೇ ಸುತ್ತಿಗೆ ತಂದು ಅದನ್ನು ನೆಟ್ಟಿದ್ದಳು. ಹೊಯ್ಟ್‌ನ ಹೆಂಡತಿ ವೆಲ್ಡಾ ಫೇ ಒಲೀಟಾಗೆ ಮೂರನೇ ತರಗತಿಯಿಂದ ಗೆಳತಿ.

ಜಿಮ್ಮಿ ನೆಲ್ ಸತ್ತದ್ದು ಮೂರು ವರ್ಷದ ಹಿಂದೆ, ಮಾರ್ಚಿನಲ್ಲಿ, ಪಟ್ಟಣದ ಆಸ್ಪತ್ರೆಯಲ್ಲಿ. ಬಾಗಿಲಲ್ಲಿ ಕೂತಿದ್ದವನು, "ನೀವು ರೋಗಿಗೆ ಏನಾಗಬೇಕು?" ಅಂತ ಕೇಳಿದ. ನಲವತ್ತೆರಡು ವರ್ಷದ ಅಭ್ಯಾಸ ನೋಡಿ, ಒಲೀಟಾಳ ಬಾಯಿ ತಾನಾಗಿ, "ಗೆಳತಿ" ಅಂದುಬಿಟ್ಟಿತು. ಮನೆಯವರಿಗೆ ಮಾತ್ರ ಪ್ರವೇಶ ಅಂದ ಅವನು. ಮೂರು ದಿನ ಅವಳು ಹೊರಗೆ ಕಾರಿನಲ್ಲಿ ಕೂತಿದ್ದಳು. ಐದು ವರ್ಷಕ್ಕೊಮ್ಮೆ ಮುಖ ತೋರಿಸುವ, ಜಿಮ್ಮಿ ನೆಲ್‌ಳ ತಮ್ಮನ ಮಗ ಒಬ್ಬ ಒಳಗೆ ಹೋಗಿ ಬಂದು, "ಹೋಗಿಬಿಟ್ಟರು, ಮಿಸ್ ಒಲೀಟಾ" ಅಂದ. ಎಂಬತ್ತು ಮೈಲಿ ದೂರದಲ್ಲಿ ತಮ್ಮ ಮನೆತನದ ಜಾಗದಲ್ಲಿ ಮಣ್ಣು ಮಾಡಿದ. ಅಲ್ಲಿ ಪಕ್ಕದಲ್ಲಿ ಖಾಲಿ ಜಾಗ ಇಲ್ಲ.

ನಮ್ಮೂರ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಒಬ್ಬ ಹೆಂಗಸಿನ ಗಂಡ ಸತ್ತರೆ ಎರಡು ವಾರ ಅವಳ ಮನೆಯ ಒಲೆ ಹಚ್ಚಲು ಬಿಡುವುದಿಲ್ಲ. ದಿನಾ ಎರಡು ಮನೆಯಿಂದ ಊಟ ಬರುತ್ತದೆ. ಒಲೀಟಾಗೆ ಬಂದದ್ದು ಒಂದು ಪಾತ್ರೆ ಕೋಳಿ ಅನ್ನ, ಒಂದು ನಿಂಬೆ ಕೇಕು. ಗೆಳತಿ ಸತ್ತರೆ ಅಷ್ಟೇ. ಅವಳು ಕೇಕು ತಿಂದಳು, ಪಾತ್ರೆ ತೊಳೆದು ಹಿಂದಕ್ಕೆ ಕೊಟ್ಟಳು, ಧನ್ಯವಾದದ ಚೀಟಿ ಬರೆದಳು. ಯಾರ ಮೇಲೂ ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಳ್ಳಬೇಕಾದರೆ ಮೊದಲು ಕಾರಣ ಹೇಳಬೇಕಲ್ಲ.

ಆಮೇಲೆ ಅವಳಿಗೆ ಉಳಿದದ್ದು ಅಡಿಗೆಮನೆಯ ಗೋಡೆಗೆ ಹಾಕಿದ ಫೋನು ಒಂದೇ.

ಚರ್ಚಿನ ಹೆಂಗಸರಲ್ಲಿ ಪ್ರಾರ್ಥನೆಯ ಸರಪಳಿ ಅಂತ ಒಂದಿದೆ. ಯಾರಿಗೆ ಕಾಯಿಲೆ ಬಂದರೂ, ಯಾರ ಮಗ ಸೈನ್ಯಕ್ಕೆ ಹೊರಟರೂ, ಯಾರ ಎದೆಯಲ್ಲಿ ಗಂಟು ಕಂಡರೂ ಮೊದಲು ವೆಲ್ಡಾ ಫೇಗೆ ತಿಳಿಸಬೇಕು. ವೆಲ್ಡಾ ಫೇ ಫೋನ್ ಮಾಡಿ ಒಲೀಟಾಗೆ ಹೇಳುತ್ತಾಳೆ. ಒಲೀಟಾ ಕೊರೀನ್ ಟಿಡ್‌ವೆಲ್‌ಗೆ ಹೇಳುತ್ತಾಳೆ. ಕೊರೀನ್ ಮುಂದಿನವಳಿಗೆ. ಹೀಗೆ ಹದಿನಾಲ್ಕು ಅಡಿಗೆಮನೆ ದಾಟುವಷ್ಟರಲ್ಲಿ ಊರೆಲ್ಲ ಕಣ್ಣು ಮುಚ್ಚಿ ಆ ಒಂದು ಹೆಸರು ಹೇಳುತ್ತಿರುತ್ತದೆ. ಸುಮ್ಮನೆ ಪ್ರಾರ್ಥಿಸಿ ಅಂದರೆ ಸಾಲದು, ಕಾರಣವನ್ನೂ ಹೇಳಬೇಕು. ಕಾರಣ ತಿಳಿಯದೆ ಮಾಡಿದ ಪ್ರಾರ್ಥನೆ ವಿಳಾಸ ಇಲ್ಲದ ಕಾಗದದ ಹಾಗೆ ಅಂತ ವೆಲ್ಡಾ ಫೇ ಹೇಳುತ್ತಾಳೆ. ಅಕ್ಕಪಕ್ಕದ ಊರಿನವರು ಅದಕ್ಕೆ ಚಾಡಿ ಸರಪಳಿ ಅನ್ನುತ್ತಾರೆ, ಬಿಡಿ.

ಐವತ್ತು ಮೈಲಿ ಮೀರಿದ ದಾರಿಗೆ ಹೊರಡುವವರಂತೂ ಸರಪಳಿಗೆ ಹೇಳಿ "ಪ್ರಯಾಣದ ಕೃಪೆ" ಬೇಡಿಸದೆ ಕಾರು ಹತ್ತುತ್ತಿರಲಿಲ್ಲ. ತಿರುಗಿ ಬಂದ ಮೇಲೆ ಬುಧವಾರ ಸಂಜೆಯ ಪ್ರಾರ್ಥನಾ ಸಭೆಯಲ್ಲಿ ಎದ್ದು ನಿಂತು, ಕ್ಷೇಮವಾಗಿ ಬಂದೆ, ನಿಮಗೆಲ್ಲ ಧನ್ಯವಾದ ಅನ್ನಬೇಕು. ಒಲೀಟಾ ಕಣ್ಣಿನ ಪೊರೆ ತೆಗೆಸಲು ಹೋದಾಗಲೂ ಹಾಗೇ ಮಾಡಿದ್ದಳು. ಇಪ್ಪತ್ತೆರಡು ವರ್ಷದಿಂದ ಅವಳು ಸರಪಳಿಯಲ್ಲಿ ಎರಡನೆಯವಳು. ಜಿಮ್ಮಿ ನೆಲ್ ಹೋದ ಮೇಲೆ ಎಷ್ಟೋ ದಿನ ಅವಳ ಕಿವಿಗೆ ಬೀಳುತ್ತಿದ್ದ ಮನುಷ್ಯರ ದನಿ ಅದೊಂದೇ. ಯಾರಿಗಾದರೂ ಕಾಯಿಲೆಯಾಗಲಿ ಅಂತ ಅವಳು ಬಯಸಿದವಳಲ್ಲ. ಆದರೆ ಫೋನು ಬಡಿದುಕೊಂಡರೆ ಎದೆ ಹಗುರ ಆಗುತ್ತಿತ್ತು, ಅದು ನಿಜ.

ಪಕ್ಕದ ಮನೆಯಲ್ಲಿ ಯೆಸೇನಿಯಾ ಟರಾಂಗೊ ಅನ್ನುವ ಹುಡುಗಿ ಇದ್ದಳು. ಇಪ್ಪತ್ತೇಳು ವರ್ಷ, ಎರಡು ಮಕ್ಕಳ ತಾಯಿ. ಗಂಡ ರೂಬೆನ್‌ಗೆ ಸಮುದ್ರದ ಮೇಲಿನ ತೈಲ ಬಾವಿಯಲ್ಲಿ ಕೆಲಸ, ಮೂರು ವಾರ ಅಲ್ಲಿ, ಮೂರು ವಾರ ಇಲ್ಲಿ. ಅವರು ಕ್ಯಾಥೊಲಿಕ್ಕರು, ಸರಪಳಿಗೂ ಅವರಿಗೂ ಸಂಬಂಧವಿಲ್ಲ. ಮೂರನೆಯ ಮಗುವಿಗೆ ತೊಟ್ಟಿಲು ಆಗಲೇ ಬಣ್ಣ ಬಳಿಸಿಕೊಂಡು ಹಿತ್ತಲಲ್ಲಿ ಒಣಗುತ್ತಿತ್ತು. ಬಸಿರಿನ ಹತ್ತೊಂಬತ್ತನೆಯ ವಾರದಲ್ಲಿ ಒಂದು ಮಂಗಳವಾರ ಗರ್ಭದ ನೀರಿನ ಚೀಲ ಒಡೆದುಹೋಯಿತು.

ಪಟ್ಟಣದ ಡಾಕ್ಟರು ಪರೀಕ್ಷೆ ಮಾಡಿ, ಈ ಮಗು ಉಳಿಯುವುದಿಲ್ಲಮ್ಮ, ಆದರೆ ಎದೆ ಇನ್ನೂ ಬಡಿಯುತ್ತಿದೆ, ಅದು ನಿಲ್ಲುವ ತನಕ ರಾಜ್ಯದ ಕಾನೂನು ನನ್ನ ಕೈ ಕಟ್ಟಿದೆ, ಮನೆಗೆ ಹೋಗಿ, ಜ್ವರ ಬಂದರೆ ಬನ್ನಿ ಅಂದರು. ಹೇಳುವಾಗ ಅವರ ಕಣ್ಣು ನೆಲ ನೋಡುತ್ತಿತ್ತಂತೆ. ರೂಬೆನ್ ಸಮುದ್ರದ ನಡುವಿನಿಂದ ಅಲ್ಲಿಗೂ ಇಲ್ಲಿಗೂ ಫೋನ್ ಮಾಡಿ, ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಒಂದು ಆಸ್ಪತ್ರೆಯವರನ್ನು ಒಪ್ಪಿಸಿದ. ದಾರಿ ಐದು ಗಂಟೆ. ಕರೆದುಕೊಂಡು ಹೋಗುವವರು ಯಾರು? ಅವಳ ತಾಯಿಗೆ ಕಾರು ಬಿಡಲು ಬಾರದು, ಮಕ್ಕಳನ್ನು ನೋಡಿಕೊಳ್ಳಬೇಕು.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಯೆಸೇನಿಯಾ ಒಲೀಟಾಳ ಅಡಿಗೆಮನೆ ಬಾಗಿಲಲ್ಲಿ ನಿಂತಳು. ಹಲ್ಲು ಕಟಕಟ ಅನ್ನುತ್ತಿತ್ತು.

"ಮಿಸ್ ಒಲೀಟಾ, ನಿಮಗೆ ತೊಂದರೆ ಆಗುತ್ತೆ. ಕರ್ಕೊಂಡು ಹೋದವರ ಮೇಲೂ ಕೇಸು ಹಾಕ್ತಾರಂತೆ. ಬೇಡ ಅಂದ್ರೆ ನಾನು ಬೇಜಾರು ಮಾಡ್ಕೊಳ್ಳಲ್ಲ."

ಒಲೀಟಾ ಅವಳ ಹಣೆ ಮುಟ್ಟಿ ನೋಡಿದಳು. "ಸಾಕ್ಸ್ ಹಾಕ್ಕೊಂಡು ಬಾ, ಕಾರಿನ ಹೀಟರ್ ಕೆಟ್ಟಿದೆ" ಅಂದಳು.

ಕಾನೂನು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗರ್ಭ ತೆಗೆಸಲು ಯಾರು ಸಹಾಯ ಮಾಡಿದರೂ ಅವರ ಮೇಲೆ ಬೀದಿಯಲ್ಲಿ ಹೋಗುವವರು ಯಾರು ಬೇಕಾದರೂ ದಾವೆ ಹೂಡಬಹುದು ಅಂತ ರಾಜ್ಯದಲ್ಲಿ ಕಾನೂನು ಬಂದಿತ್ತು. ಅದು ಸಾಲದು ಅಂತ ನಮ್ಮ ಕೌಂಟಿಯಲ್ಲಿ ಹೊಯ್ಟ್ ಲೆಡ್‌ಬೆಟರ್ ಮುಂದೆ ನಿಂತು, ಆ ಕೆಲಸಕ್ಕೆ ಹೆಂಗಸರನ್ನು ನಮ್ಮ ರಸ್ತೆಯ ಮೇಲೆ ಕರೆದೊಯ್ಯಕೂಡದು ಅಂತ ಇನ್ನೊಂದು ನಿಯಮ ಮಾಡಿಸಿದ್ದ. ಆ ಸಭೆಗೆ ಚರ್ಚಿನವರೆಲ್ಲ ಹೋಗಿ ಚಪ್ಪಾಳೆ ತಟ್ಟಿದ್ದರು. ಒಲೀಟಾಳೂ ಹೋಗಿದ್ದಳು. ಎಲ್ಲರೂ ತಟ್ಟುವಾಗ ಅವಳೂ ತಟ್ಟಿದ್ದಳು. ಆಗ ಅವಳ ಕಣ್ಣ ಮುಂದೆ ಇದ್ದವಳು ಯಾರೋ ಪಟ್ಟಣದ, ಕೆಂಪು ಉಗುರಿನ ಹುಡುಗಿ. ತೊಟ್ಟಿಲಿಗೆ ಬಣ್ಣ ಬಳಿದ ಹುಡುಗಿಯಲ್ಲ.

ಎಲ್ಲ ಗೊತ್ತಿದ್ದೂ ಅವಳು ಮಾಡಿದ ಕೆಲಸ ನೋಡಿ. ಕಾರಿನ ಬೀಗದಕೈ ತೆಗೆದುಕೊಂಡಳು, ದಾರಿಗೆ ಎರಡು ಸ್ಯಾಂಡ್‌ವಿಚ್ ಕಟ್ಟಿಕೊಂಡಳು, ಗೋಡೆಯ ಫೋನು ಎತ್ತಿ ವೆಲ್ಡಾ ಫೇಯ ನಂಬರು ತಿರುಗಿಸಿದಳು. ಯೋಚನೆ ಮಾಡಿ ಮಾಡಿದ್ದಲ್ಲ. ಐದು ಗಂಟೆಯ ದಾರಿ, ಕೆಮ್ಮಣ್ಣಿನ ಗಾಳಿ, ಪಕ್ಕದಲ್ಲಿ ಕಾಯಿಲೆಯ ಹುಡುಗಿ, ಎಪ್ಪತ್ತಾರು ವರ್ಷದ ಕಣ್ಣು. ಪ್ರಯಾಣದ ಕೃಪೆ ಬೇಡದೆ ಹೊರಡುವುದು ಹೇಗೆ?

"ವೆಲ್ಡಾ ಫೇ, ನನಗೆ ಪ್ರಯಾಣದ ಕೃಪೆ ಬೇಕು. ಆಲ್ಬುಕರ್ಕಿಗೆ ಹೊರಟಿದ್ದೀನಿ."

"ಆಲ್ಬುಕರ್ಕಿಗಾ? ಅಲ್ಲೇನಿದೆಯೇ ನಿನಗೆ?"

"ಆಸ್ಪತ್ರೆ."

"ಯಾಕೆ, ಲಬಕ್‌ನಲ್ಲಿ ಆಸ್ಪತ್ರೆಗಳೆಲ್ಲ ಮುಚ್ಚಿ ಹೋದ್ವಾ?"

"ನನಗಲ್ಲ. ಒಬ್ಬರು ಜೊತೆಗಿದ್ದಾರೆ."

ಆ ಕಡೆ ಟೀವಿಯ ಸದ್ದು ಇಳಿಯಿತು. ಆಮೇಲೆ ವೆಲ್ಡಾ ಫೇ, "ಸರಿ. ಕೊರೀನ್‌ಗೆ ನೀನೇ ಹೇಳಿಬಿಡು, ಮುಂದಿನವಳು ಅವಳೇ ತಾನೆ" ಅಂದಳು.

ಕೊರೀನ್‌ಗೆ ಎಂಬತ್ತೆಂಟು. ಕಿವಿ ಹೋಗಿ ಎಷ್ಟೋ ವರ್ಷ. ಅವಳಿಗೆ ಹೇಳಬೇಕಾದರೆ ಬೀದಿಗೆ ಕೇಳುವ ಹಾಗೆ ಕೂಗಬೇಕು.

"ಕೊರೀನ್, ನನಗೋಸ್ಕರ ಪ್ರಾರ್ಥನೆ ಮಾಡು!"

"ಯಾರಿಗೋಸ್ಕರ?"

"ನನಗೆ! ಒಲೀಟಾಗೆ!"

"ಒಲೀಟಾಗೆ ಏನಾಯ್ತು? ನೆನ್ನೆ ಚೆನ್ನಾಗಿದ್ಲಲ್ಲ! ನೀವ್ಯಾರು ಮಾತಾಡ್ತಿರೋದು?"

"ನಾನೇ ಕಣೇ ಒಲೀಟಾ! ಆಲ್ಬುಕರ್ಕಿ ಆಸ್ಪತ್ರೆಗೆ ಹೋಗ್ತಿದ್ದೀನಿ! ಪಕ್ಕದ ಮನೆ ಹುಡುಗಿನ ಕರ್ಕೊಂಡು!"

"ಹಾಗೆ ಹೇಳು. ಅದಕ್ಯಾಕೆ ಇಷ್ಟು ಕಿರುಚ್ತೀಯ" ಅಂದು ಕೊರೀನ್ ಫೋನಿಟ್ಟಳು.

ಹತ್ತು ಗಂಟೆಯ ಒಳಗೆ ಉಳಿದ ಹದಿಮೂರು ಅಡಿಗೆಮನೆಗಳಲ್ಲಿ ಆ ಕಾರಿಗೋಸ್ಕರ ಕಣ್ಣು ಮುಚ್ಚಿದ್ದವು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದೊಂದಾಗಿ ಆ ಕಣ್ಣುಗಳು ತೆರೆದವು. ಪಕ್ಕದ ಮನೆ ಹುಡುಗಿ ಬಸುರಿ. ಆಲ್ಬುಕರ್ಕಿ ನ್ಯೂ ಮೆಕ್ಸಿಕೊದಲ್ಲಿದೆ. ನ್ಯೂ ಮೆಕ್ಸಿಕೊದಲ್ಲಿ ಅಂಥ ಕಾನೂನಿಲ್ಲ.

ಆಸ್ಪತ್ರೆ ಮುಟ್ಟುವಾಗ ಯೆಸೇನಿಯಾಳ ಜ್ವರ ಏರಿತ್ತು. ನರ್ಸು ಒಬ್ಬಳು ಗಾಲಿಕುರ್ಚಿ ತಂದಳು, ಒಲೀಟಾಳ ಕಡೆ ತಿರುಗಿ, "ಅಜ್ಜಿನಾ?" ಅಂದಳು.

"ಅಲ್ಲ. ಪಕ್ಕದ ಮನೆಯವಳು." ಅಂದವಳೇ ಒಲೀಟಾ ಹೊರಗೆ ಹೋಗಲು ತಿರುಗಿದಳು. ಕಾರು ಯಾವ ಕಡೆ ನಿಲ್ಲಿಸಿದ್ದೆ ಅಂತ ಯೋಚಿಸುತ್ತಿದ್ದಳು.

"ಎಲ್ಲಿ ಹೊರಟಿರಿ? ಅವರಿಗೆ ನೀವು ಬೇಕಂತೆ, ಒಳಗೆ ಬನ್ನಿ" ಅಂದಳು ನರ್ಸು.

ಒಲೀಟಾ ಒಳಗೆ ಹೋದಳು. ಇಡೀ ಮಧ್ಯಾಹ್ನ ಆ ಹುಡುಗಿಯ ಕೈ ಹಿಡಿದು ಕೂತಳು. ಯಾರೂ ಇನ್ನೊಂದು ಸಲ ಏನಾಗಬೇಕು ಅಂತ ಕೇಳಲಿಲ್ಲ. ಗಂಡು ಮಗು. ಒಂದು ಅಂಗೈ ಸಾಕಾಗಿತ್ತು ಹಿಡಿಯಲು. ಯೆಸೇನಿಯಾ ಅದಕ್ಕೆ ಹೆಸರಿಟ್ಟಳು, ನರ್ಸು ಅದನ್ನು ಬರೆದುಕೊಂಡಳು. ಇನ್ನು ಅರ್ಧ ದಿನ ತಡವಾಗಿದ್ದರೆ ತಾಯಿಯೂ ಕೈಗೆ ಸಿಗುತ್ತಿರಲಿಲ್ಲ ಅಂದರು ಡಾಕ್ಟರು. ಹುಡುಗಿಗೆ ಅಳುತ್ತಳುತ್ತ ನಿದ್ದೆ ಬಂದ ಮೇಲೆ ಒಲೀಟಾ ಗೋಡೆಯ ಕಡೆ ತಿರುಗಿ ತಾನೂ ಅತ್ತಳು. ಈ ಹುಡುಗಿಗಾಗಿ ಎಷ್ಟು ಅತ್ತಳೋ, ಮೂರು ವರ್ಷದ ಹಿಂದಿನ ಆ ಬಾಗಿಲಿಗಾಗಿ ಎಷ್ಟು ಅತ್ತಳೋ, ಅವಳಿಗೇ ಗೊತ್ತಿಲ್ಲ.

ಶನಿವಾರ ಇಬ್ಬರೂ ಹಿಂದಕ್ಕೆ ಬಂದರು. ಭಾನುವಾರ ಚರ್ಚಿನಲ್ಲಿ ಒಲೀಟಾಳ ಬೆಂಚಿನಲ್ಲಿ ಅವಳೊಬ್ಬಳೇ ಕೂತಿದ್ದಳು. ಸೋಮವಾರ ವೆಲ್ಡಾ ಫೇ ಮತ್ತು ಹೊಯ್ಟ್ ಮನೆಗೆ ಬಂದರು. ವೆಲ್ಡಾ ಫೇ ಕೈಯಲ್ಲಿ ಬಾಳೆಹಣ್ಣಿನ ಪುಡ್ಡಿಂಗು. ಹೊಯ್ಟ್ ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ.

"ಒಲೀಟಾ, ನಾನೇನು ನಿನ್ನ ವೈರಿ ಅಲ್ಲ," ಅಂದ. "ಆದ್ರೆ ಸುದ್ದಿ ಊರಾಚೆಗೂ ಹೋಗಿದೆ. ಒಬ್ಬ ವಕೀಲ ಫೋನ್ ಮಾಡಿದ್ದ. ನಿನ್ನ ಮೇಲೆ ದಾವೆ ಹಾಕೋಕೆ ಕಾಯ್ತಿದ್ದಾರೆ."

"ಹಾಕಲಿ."

"ಹಾಕಿಸ್ಕೋಬೇಕಾಗಿಲ್ಲ ಅಂತ ಹೇಳೋಕೇ ಬಂದಿದ್ದು. ಆ ಹುಡುಗಿ ನಿನ್ನನ್ನ ಮೋಸ ಮಾಡಿ ಕರ್ಕೊಂಡು ಹೋದ್ಲು. ಏನೋ ಪರೀಕ್ಷೆ ಅಂತ ಹೇಳಿದ್ಲು, ನೀನು ನಂಬಿದೆ. ಏರ್ಪಾಡೆಲ್ಲ ಗಂಡಂದು. ಇಷ್ಟು ಒಂದು ಕಾಗದದಲ್ಲಿ ಬರೆದುಕೊಡು. ಬುಧವಾರ ಸಭೇಲಿ ಎದ್ದು ನಿಂತು ಹೇಳು, ತಿಳಿಯದೆ ತಪ್ಪಾಯ್ತು ಅನ್ನು. ಮುಗೀತು. ನಿನ್ನ ಜಾಗ ನಿನಗೆ, ನಿನ್ನ ಫೋನು ನಿನಗೆ."

"ಮತ್ತೆ ದಾವೆ?"

"ಅದು ಅವನ ಮೇಲೆ ಹೋಗುತ್ತೆ. ಅವನು ಗಂಡಸು, ತಡ್ಕೋತಾನೆ."

ಒಲೀಟಾ ಕಿಟಕಿಯಿಂದ ಪಕ್ಕದ ಮನೆ ನೋಡಿದಳು. ಮೂರು ವಾರ ನೀರಿನ ಮೇಲೆ ದುಡಿದು ಬರುವ ರೂಬೆನ್, ಬಂದ ದಿನ ಇವಳ ಮನೆಯ ಸೂರಿನ ನೀರಿನ ಕೊಳವೆ ಸರಿಮಾಡಿ ಹೋಗುವ ಹುಡುಗ. ಹೊಯ್ಟ್ ಎದ್ದು ಹೊರಗೆ ಹೋಗಿ ಕಾರಿನ ಬಳಿ ನಿಂತ. ಹೆಂಗಸರು ಮಾತಾಡಿಕೊಳ್ಳಲಿ ಅಂತ.

ವೆಲ್ಡಾ ಫೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ಒಲೀಟಾ, ಚಿನ್ನ, ಹಟ ಮಾಡಬೇಡ. ನಾವು ನಿನಗೆ ಏನು ಕಡಿಮೆ ಮಾಡಿದ್ದೀವಿ ಹೇಳು? ನಿನ್ನದು, ಜಿಮ್ಮಿ ನೆಲ್‌ದು... ಇಷ್ಟು ವರ್ಷ ಒಬ್ಬರಾದ್ರೂ ಬಾಯಿ ಬಿಟ್ಟರಾ? ಪಾದ್ರಿಗಳು ಮೂರು ಜನ ಬದಲಾದ್ರು, ಒಬ್ಬರ ಕಿವಿಗೂ ಹಾಕಲಿಲ್ಲ. ಕಣ್ಣಿದ್ದೂ ಕುರುಡರ ಹಾಗೆ ಇದ್ವಿ. ನಿನಗೋಸ್ಕರ."

ಹಾಸಿಗೆಯ ಮೇಲೆ ಹೊರಳಿ ಎದ್ದು ಬರುತ್ತಿದ್ದ ಜಿಮ್ಮಿ ನೆಲ್ ಒಲೀಟಾಳ ಕಣ್ಣ ಮುಂದೆ ಬಂದಳು. ಅಷ್ಟು ಓಡಿದ್ದು, ಷೂ ಎಸೆದದ್ದು, ಎಲ್ಲ ಯಾರ ಕಣ್ಣು ಕಟ್ಟಲು? ಇವರಿಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ಒಂದು ಪಾತ್ರೆ ಕೋಳಿ ಅನ್ನ ಕಳಿಸಿದರು.

"ಗೊತ್ತಿದ್ರೆ, ಅವಳು ಸತ್ತಾಗ ಯಾಕೆ ಬರಲಿಲ್ಲ, ವೆಲ್ಡಾ?" ಅಂದಳು. ದನಿ ಏರಲಿಲ್ಲ.

ವೆಲ್ಡಾ ಫೇ ಪುಡ್ಡಿಂಗಿನ ಮೇಲಿನ ಬಟ್ಟೆ ಸರಿಮಾಡಿದಳು. "ಬುಧವಾರ ಬಾ," ಅಂದಳು ಕೊನೆಗೆ. "ನಿನಗೆ ನಮ್ಮನ್ನು ಬಿಟ್ಟರೆ ಯಾರಿದ್ದಾರೆ?"

ಅದು ಬೆದರಿಕೆ ಅಲ್ಲ. ನಿಜ. ಅದಕ್ಕೇ ಅಷ್ಟು ನೋವಾದದ್ದು. ಆ ರಾತ್ರಿ, ಮರುದಿನ, ಅವಳು ಲೆಕ್ಕ ಹಾಕಿದಳು: ಸರಪಳಿ ಹೋದರೆ ಇನ್ನು ಯಾರು ಫೋನ್ ಮಾಡುತ್ತಾರೆ? ಅವಳಿಗಿದ್ದ ಒಬ್ಬ ತಮ್ಮ ಸತ್ತು ಆರು ವರ್ಷ. ಜಿಮ್ಮಿ ನೆಲ್‌ಳ ಕಡೆಯವರು ಕ್ರಿಸ್‌ಮಸ್ ಕಾರ್ಡು ಕೂಡ ಕಳಿಸುವುದಿಲ್ಲ. ಒಂದು ಸುಳ್ಳು ಹೇಳಬೇಕು, ಅಷ್ಟೇ. ಸುಳ್ಳು ಅವಳಿಗೆ ಹೊಸದೇ? "ಗೆಳತಿ" ಅನ್ನುವ ಒಂದು ಸುಳ್ಳಿನಲ್ಲೇ ಬದುಕು ಸಾಗಿಸಿದವಳು. ಮಂಗಳವಾರ ಸಂಜೆ ಕಾಗದ ಮತ್ತು ಪೆನ್ನು ತೆಗೆದುಕೊಂಡು ಕೂತದ್ದೂ ಉಂಟು. "ನಾನು, ಒಲೀಟಾ ಸ್ವಾಫರ್ಡ್" ಅಂತ ಬರೆದಳು. ಅದರ ಮುಂದೆ ಪೆನ್ನು ಹೋಗಲಿಲ್ಲ.

ಬುಧವಾರ ಸಂಜೆ ಆರಕ್ಕೆ ಚರ್ಚಿನ ಹಿಂದಿನ ಹಜಾರದಲ್ಲಿ ಊಟ. ಬೀನ್ಸು, ಜೋಳದ ಬ್ರೆಡ್ಡು, ಹಂದಿ ಮಾಂಸ. ಒಲೀಟಾ ತನ್ನ ತಟ್ಟೆ ಹಿಡಿದು ಕೊನೆಯ ಮೇಜಿನಲ್ಲಿ ಕೂತಳು. ಊಟ ಮುಗಿದು ಪಾದ್ರಿ, "ಯಾರಿಗಾದರೂ ಪ್ರಾರ್ಥನೆಗೆ ಉತ್ತರ ಸಿಕ್ಕಿದ್ದರೆ ಹೇಳಬಹುದು" ಅಂದರು. ಎಲ್ಲರೂ ತಮ್ಮ ತಮ್ಮ ಲೋಟ ನೋಡಿಕೊಂಡರು. ಹೊಯ್ಟ್ ಅವಳ ಕಡೆ ನೋಡಿ ತಲೆ ಆಡಿಸಿದ, ಏಳು ಅನ್ನುವ ಹಾಗೆ.

ಒಲೀಟಾ ಎದ್ದಳು. ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಹೋದ ಗುರುವಾರ ನಾನು ನಿಮ್ಮ ಹತ್ತಿರ ಪ್ರಯಾಣದ ಕೃಪೆ ಬೇಡಿದ್ದೆ," ಅಂದಳು. "ಗಾಳಿ ಜೋರಾಗಿತ್ತು. ಎದುರು ಬರೋ ಲಾರಿ ಕಾಣ್ತಿರಲಿಲ್ಲ. ಆದ್ರೂ ಕ್ಷೇಮವಾಗಿ ಹೋದ್ವಿ, ಕ್ಷೇಮವಾಗಿ ಬಂದ್ವಿ. ಮಗು ಉಳಿಯೋದಿರಲಿಲ್ಲ, ಉಳಿಯಲಿಲ್ಲ. ತಾಯಿ ಉಳಿದ್ಲು. ಅವಳು ನನಗೆ ಮೋಸ ಮಾಡಿಲ್ಲ. ಎಲ್ಲಿಗೆ ಹೋಗ್ತಿದ್ದೀನಿ, ಯಾಕೆ ಹೋಗ್ತಿದ್ದೀನಿ, ನನಗೆ ಗೊತ್ತಿತ್ತು. ನಿಮಗೂ ಹೇಳಿಯೇ ಹೋದೆ. ನೀವು ಪ್ರಾರ್ಥನೆ ಮಾಡಿದಿರಿ. ನಿಮಗೆ ಧನ್ಯವಾದ ಹೇಳಬೇಕಿತ್ತು."

"ಕೂತ್ಕೋ, ಒಲೀಟಾ," ಅಂದ ಹೊಯ್ಟ್.

ಆಗ ಮುಂದಿನ ಮೇಜಿನಿಂದ ಕೊರೀನ್ ಪಕ್ಕದವಳ ತೋಳು ತಿವಿದು, ತಾನು ಪಿಸುಗುಡುತ್ತಿದ್ದೇನೆ ಅಂದುಕೊಂಡು ಹಜಾರಕ್ಕೆಲ್ಲ ಕೇಳುವಂತೆ, "ನಾನೂ ಮಾಡಿದೆ ಕಣೇ ಅವತ್ತು ಪ್ರಾರ್ಥನೆ! ಮಂಡಿ ಊರಿ ಮಾಡಿದೆ! ಸಹಾಯ ಮಾಡಿದವರ ಮೇಲೆಲ್ಲ ಕೇಸು ಅಂದ್ರೆ ನನ್ನ ಮೇಲೂ ಹಾಕ್ತಾರೇನೇ? ನನಗೆ ಮೆಟ್ಟಿಲು ಹತ್ತೋಕಾಗಲ್ಲ, ಕೋರ್ಟಲ್ಲಿ ಲಿಫ್ಟ್ ಇದೆಯಾ?" ಅಂದಳು.

ಯಾರೋ ಹುಡುಗಿ ನಕ್ಕುಬಿಟ್ಟಳು. ಅವಳ ತಾಯಿ ಚಿವುಟಿದಳು. ಸರಪಳಿಯ ಉಳಿದ ಹದಿಮೂರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ವೆಲ್ಡಾ ಫೇಯ ಮುಖ ಸುಣ್ಣದ ಹಾಗೆ ಬಿಳುಚಿತು. ಸರಪಳಿಯಲ್ಲಿ ಮೊದಲನೆಯವಳು ಅವಳೇ.

ಒಲೀಟಾ ಇನ್ನೂ ನಿಂತೇ ಇದ್ದಳು. "ಇನ್ನೊಂದು ಮಾತು. ನನಗೋಸ್ಕರ ನಲವತ್ತೆರಡು ವರ್ಷ ಬಾಯಿ ಕಟ್ಕೊಂಡಿದ್ದಿರಂತೆ. ಇನ್ನು ಬೇಕಾಗಿಲ್ಲ. ಜಿಮ್ಮಿ ನೆಲ್ ನನ್ನ ಗೆಳತಿ ಅಲ್ಲ. ನನ್ನ ಮನೆಯವಳು. ನಾನು ವಿಧವೆ."

ತಟ್ಟೆ ಎತ್ತಿಕೊಂಡು ಹೋಗಿ ತೊಳೆಯುವ ಜಾಗದಲ್ಲಿ ಇಟ್ಟಳು. ಕೋಟು ಹಾಕಿಕೊಂಡಳು. ತೋಳು ಸಿಗದೆ ಎರಡು ಸಲ ತಡಕಿದಳು. ಯಾರೂ ಎದ್ದು ಬಂದು ಹಿಡಿಯಲಿಲ್ಲ.

ದಾವೆ ಬರಲಿಲ್ಲ. ಅವಳ ಮೇಲೂ ಇಲ್ಲ, ರೂಬೆನ್ ಮೇಲೂ ಇಲ್ಲ. ಕೇಸು ಎದ್ದರೆ ಸಾಕ್ಷಿಗೆ ಆ ಹದಿಮೂರು ಹೆಂಗಸರನ್ನೂ ಕರೆಯಬೇಕು, ಅದರಲ್ಲಿ ಮೊದಲ ಹೆಸರು ಸದಸ್ಯರ ಹೆಂಡತಿಯದು. ವಕೀಲ ಮತ್ತೆ ಫೋನ್ ಮಾಡಿದಾಗ ಹೊಯ್ಟ್ ತನಗೇನೂ ಗೊತ್ತಿಲ್ಲ ಅಂದನಂತೆ. ಚರ್ಚಿನಿಂದಲೂ ಯಾರೂ ಅವಳನ್ನು ಹೊರಗೆ ಹಾಕಲಿಲ್ಲ. ಹಾಗೆಲ್ಲ ಮಾಡುವವರಲ್ಲ ನಮ್ಮ ಜನ. ವೆಲ್ಡಾ ಫೇ ನೇರ ಕೊರೀನ್‌ಗೆ ಫೋನ್ ಮಾಡತೊಡಗಿದಳು. ಅಷ್ಟೇ.

ಮೇ ತಿಂಗಳಲ್ಲಿ ಟರಾಂಗೊ ಮನೆಯವರು ಗಡಿಯಾಚೆ ನ್ಯೂ ಮೆಕ್ಸಿಕೊದ ಊರಿಗೆ ಮನೆ ಬದಲಾಯಿಸಿದರು. ಹೋಗುವ ದಿನ ಯೆಸೇನಿಯಾ ಇವಳನ್ನು ತಬ್ಬಿಕೊಂಡು, "ನೀವೂ ಬನ್ನಿ ನಮ್ಮ ಜೊತೆ" ಅಂದಳು. ಹುಡುಗಿ ಮನಸಾರೆ ಹೇಳಿದ ಮಾತು ಅದು. ಒಲೀಟಾ ಅವಳ ಕೆನ್ನೆ ತಟ್ಟಿ, "ಹೋಗು, ಬಿಸಿಲೇರುತ್ತೆ" ಅಂದಳು. ಪಕ್ಕದ ಮನೆಗೆ ಬೇರೆ ಬಾಡಿಗೆದಾರರು ಬರಲಿಲ್ಲ. ಈಗ ಊರಲ್ಲಿ ಯಾರಿಗೆ ಏನಾಗಿದೆ ಅಂತ ಅವಳಿಗೆ ತಿಳಿಯುವುದು ಯಾರ ಮನೆ ಮುಂದೆ ಎಷ್ಟು ಕಾರು ನಿಂತಿವೆ ಅನ್ನುವುದರಿಂದ. ಅಂಗಡಿಯಲ್ಲಿ ಸಿಕ್ಕವರು ನಗುತ್ತಾರೆ, ಬಿಸಿಲಿನ ಮಾತಾಡುತ್ತಾರೆ, ಗಾಡಿ ತಳ್ಳಿಕೊಂಡು ಮುಂದೆ ಹೋಗುತ್ತಾರೆ. ಹತ್ತಿ ಬಿಡಿಸುವ ಕಾಲ ಬಂತು, ಗಿರಣಿಯ ಸದ್ದು ಶುರುವಾಯಿತು. ಒಂದೊಂದು ದಿನ ಗಂಟಲಿನಿಂದ ದನಿ ಬರುತ್ತದೋ ಇಲ್ಲವೋ ನೋಡಲು ಅವಳು ಖಾಲಿ ಮನೆಯಲ್ಲಿ ಕೆಮ್ಮುತ್ತಿದ್ದಳು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಫೋನು ಬಡಿದುಕೊಂಡಿತು. ಒಲೀಟಾ ಕೈಯಲ್ಲಿದ್ದ ಆಲೂಗಡ್ಡೆ ಹಾಗೇ ಬಿಟ್ಟು ಹೋಗಿ ಎತ್ತಿದಳು.

"ಒಲೀಟಾನಾ?" ಕೊರೀನ್‌ಳ ದನಿ. "ನಿನಗೆ ಫೋನ್ ಮಾಡಬೇಡ ಅಂದಿದ್ದಾರೆ ನನಗೆ. ಆದ್ರೆ ಏನ್ಮಾಡ್ಲಿ ಹೇಳು. ಆ ವೆಲ್ಡಾ ಫೇ ಬಾಯಲ್ಲಿ ಹತ್ತಿ ಇಟ್ಕೊಂಡು ಮಾತಾಡ್ತಾಳೆ, ಒಂದಕ್ಷರ ಕೇಳ್ಸಲ್ಲ. ಆರು ತಿಂಗಳಿಂದ ಯಾರಿಗೋಸ್ಕರ ಪ್ರಾರ್ಥನೆ ಮಾಡ್ತಿದ್ದೀನೋ ಆ ದೇವರಿಗೇ ಗೊತ್ತು. ಇವತ್ತು ಯಾರು ಹೇಳು?"

"ನನಗೂ ಗೊತ್ತಿಲ್ಲ, ಕೊರೀನ್! ನನಗೆ ಈಗ ಯಾರೂ ಹೇಳಲ್ಲ!"

"ಹೌದಾ? ಅಯ್ಯೋ." ಕೊರೀನ್ ಫೋನು ಇನ್ನೊಂದು ಕಿವಿಗೆ ಹಿಡಿದ ಸದ್ದಾಯಿತು. "ಸರಿ, ನೀನು ಹೇಗಿದ್ದೀಯ ಅದನ್ನಾದ್ರೂ ಹೇಳು."

ಒಲೀಟಾ ಈ ಫೋನಿನಲ್ಲಿ ಇಪ್ಪತ್ತೆರಡು ವರ್ಷ ಊರವರೆಲ್ಲರ ಕಾಯಿಲೆ ಕಸಾಲೆ ಹೇಳಿದ್ದಾಳೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಒಬ್ಬಳೇ ಇದ್ದೀನಿ, ಕೊರೀನ್," ಅಂದಳು.

"ಏನು?"

"ಒಬ್ಬಳೇ ಇದ್ದೀನಿ!"

"ಗಟ್ಟಿಯಾಗಿ ಹೇಳೇ, ನೀನೂ ಅವಳ ಹಾಗೆ ಗೊಣಗಬೇಡ!"

ಒಲೀಟಾ ಕಣ್ಣು ಮುಚ್ಚಿ, ತೂಕದ ಕೋಣೆಯ ಕಿಟಕಿಯಲ್ಲಿ ಕೂಗುತ್ತಿದ್ದಷ್ಟು ಜೋರಾಗಿ ಕೂಗಿದಳು. ಎದುರು ಮನೆಯ ನಾಯಿ ಬೊಗಳತೊಡಗಿತು.

"ಹಾಗೆ ಹೇಳು," ಅಂದಳು ಕೊರೀನ್. "ಇರು, ಮುಂದಿನವಳಿಗೆ ಹೇಳ್ತೀನಿ."

"ಬೇಡ ಕೊರೀನ್, ಬೇಡ..." ಅನ್ನುವಷ್ಟರಲ್ಲಿ ಆ ಕಡೆ ಫೋನಿಟ್ಟಾಗಿತ್ತು.

ಒಲೀಟಾ ಕುರ್ಚಿ ಎಳೆದುಕೊಂಡು ಫೋನಿನ ಕೆಳಗೇ ಕೂತಳು. ಈಗ ನಾಲ್ಕನೆಯ ಮನೆಯಲ್ಲಿ ಬಡಿಯುತ್ತಿರುತ್ತದೆ, ಈಗ ಐದನೆಯದರಲ್ಲಿ, ಅಂತ ಮನಸ್ಸಿನಲ್ಲೇ ಬೀದಿ ಬೀದಿ ದಾಟಿದಳು. ಹದಿನಾಲ್ಕೂ ಮುಗಿಯಲು ಮುಕ್ಕಾಲು ಗಂಟೆ ಸಾಕು, ಅವಳಿಗೆ ಗೊತ್ತು. ಒಂದು ಗಂಟೆ ಕೂತಳು. ಬಿಸಿಲು ಅಡಿಗೆಮನೆಯಿಂದ ಸರಿದು ಹೊರಗೆ ಹೋಯಿತು. ಯಾರೂ ಬರಲಿಲ್ಲ, ಯಾರೂ ಫೋನ್ ಮಾಡಲಿಲ್ಲ. ಆರು ಗಂಟೆಗೆ ಎದ್ದು ಆಲೂಗಡ್ಡೆ ಬೇಯಲು ಇಟ್ಟಳು.